ಒಮ್ಮೆ ಮಾತ್ರ ಓಡುವ ಟೇಪು, ಹನ್ನೆರಡು ಡಿಸ್ಕಿನ ಪೆಟ್ಟಿಗೆ

ನಮ್ಮದು ಉಡುಪಿ ಜಿಲ್ಲೆಯ ಒಂದು ಸಣ್ಣ ಸಂಗ್ರಹಾಲಯ. ಯಕ್ಷಗಾನದ ಹಳೆಯ ರೆಕಾರ್ಡಿಂಗ್‌ಗಳನ್ನು ಕಂಪ್ಯೂಟರಿಗೆ ಏರಿಸಿ ಇಡುವ ಕೆಲಸ. ಹೆಚ್ಚಿನವು ಮಿನಿ ಡಿವಿ ಟೇಪುಗಳು. ಒಂದೊಂದು ಅರವತ್ತು ನಿಮಿಷದ್ದು. ರಾತ್ರಿಯಿಡೀ ನಡೆದ ಒಂದು ಆಟಕ್ಕೆ ಏಳೆಂಟು ಟೇಪು ಬೇಕು. ಕರಾವಳಿಯ ಹವೆಗೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಅಂಥದ್ದನ್ನು ಒಣಗಿಸಿ, ಒರೆಸಿ, ಹೇಗೋ ಒಂದು ಸಲ ಓಡಿಸಬಹುದು. ಎರಡನೇ ಸಲ ಓಡುತ್ತದೆ ಅಂತ ಯಾರೂ ಮಾತು ಕೊಡುವ ಹಾಗಿಲ್ಲ. ಆ ಒಂದು ಸಲದಲ್ಲಿ ಬಂದ ಡೇಟಾ ಎಲ್ಲಿ ಹೋಗಿ ಕೂರುತ್ತದೆ, ಕೂತಲ್ಲಿ ಎಷ್ಟು ಭದ್ರವಾಗಿರುತ್ತದೆ ಅನ್ನುವುದೇ ನನ್ನ ಕೆಲಸದ ಮುಖ್ಯ ಭಾಗ.

ಇಷ್ಟು ಸಮಯ ಬಿಡಿ ಹಾರ್ಡ್ ಡಿಸ್ಕುಗಳಲ್ಲಿ ಇಟ್ಟುಕೊಂಡು ಬಂದಿದ್ದೆವು. ಈ ವರ್ಷ ಒಂದು ಕಂಪನಿಯವರು ಹೊಸದು ಹಾಕಿಕೊಂಡು ಬಿಟ್ಟುಕೊಟ್ಟ ಹಳೆಯ ಡೆಲ್ ಪವರ್‌ವಾಲ್ಟ್ ಎಂಡಿ 3200ಐ ಸಿಕ್ಕಿತು. ಡಿಸ್ಕು ಹಾಕಲು ಹನ್ನೆರಡು ಸ್ಲಾಟಿನ ಪೆಟ್ಟಿಗೆ, ಒಳಗೆ ಎರಡು ರೇಡ್ ಕಂಟ್ರೋಲರ್. ರೇಡ್ ಅಂದರೆ ಹಲವು ಡಿಸ್ಕುಗಳನ್ನು ಒಟ್ಟು ಸೇರಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವ ಹಾಗೆ ಹಂಚಿ ಬರೆಯುವ ಕ್ರಮ. ಪ್ರತಿ ಕಂಟ್ರೋಲರಿಗೆ ಐಸ್ಕಸಿಗೆಂದು, ಅಂದರೆ ನೆಟ್‌ವರ್ಕ್ ಕೇಬಲ್ಲಿನ ಮೂಲಕ ಸರ್ವರಿಗೆ ಡಿಸ್ಕು ಒದಗಿಸಲು, ಒಂದೊಂದು ಗಿಗಾಬಿಟ್‌ನ ನಾಲ್ಕು ಪೋರ್ಟು. ನಾವು ಹಾಕಿದ್ದು 2 ಟಿಬಿಯ ಹನ್ನೆರಡು ಡಿಸ್ಕು. ಕಂಟ್ರೋಲರಿನ ಬ್ಯಾಟರಿಗಳನ್ನು ಮಾತ್ರ ಹೊಸದಾಗಿ ತರಿಸಿದೆವು. ಹಳೆಯ ಪೆಟ್ಟಿಗೆ ಕೊಳ್ಳುವವರು ಅದೊಂದಕ್ಕೆ ಖರ್ಚು ಮಾಡಲೇಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಹೊಸ ರೆಕಾರ್ಡಿಂಗ್ ಇರುವುದಿಲ್ಲ. ಆ ಬಿಡುವಿನಲ್ಲಿ ಕೆಲಸಕ್ಕೆ ಕೂತೆ. ಮಳೆಗಾಲ ಬೇರೆ, ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಈ ಕೆಲಸಕ್ಕೆ ಅದೂ ಒಳ್ಳೆಯದೇ. ಎಲ್ಲ ಸೆಟ್ಟಿಂಗನ್ನೂ ಕರೆಂಟು ಹೋಗುತ್ತದೆ ಅಂದುಕೊಂಡೇ ನೋಡಬೇಕಾಗುತ್ತದೆ.

ಇದನ್ನೆಲ್ಲ ಮೌಸ್ ಹಿಡಿದು ಮಾಡಲು ಒಂದು ಕಿಟಕಿ ತಂತ್ರಾಂಶ ಇದೆ. ಚೆನ್ನಾಗಿಯೇ ಇದೆ. ಆದರೂ ನಾನು ಎಸ್‌ಎಂಸಿಎಲ್‌ಐ ಅನ್ನುವ ಕಮಾಂಡ್ ಸಾಧನವನ್ನೇ ಹಿಡಿದೆ. ಅದೇ ತಂತ್ರಾಂಶದ ಜೊತೆಯಲ್ಲೇ ಬರುತ್ತದೆ. ಕಮಾಂಡಿನಲ್ಲಿ ಮಾಡಿದರೆ ಎಲ್ಲ ಸೆಟ್ಟಿಂಗೂ ಒಂದು ಕಡತದಲ್ಲಿ ಬರಹವಾಗಿ ಉಳಿಯುತ್ತದೆ. ನಾಳೆ ನನ್ನ ಜಾಗಕ್ಕೆ ಬರುವವರು ಅದನ್ನು ಓದಬಹುದು, ಯಾಕೆ ಹೀಗೆ ಅಂತ ಕೇಳಬಹುದು. ಎಲ್ಲೆಲ್ಲಿ ಟಿಕ್ ಮಾಡಿದ್ದೆ ಅಂತ ನೆನಪಿಟ್ಟುಕೊಂಡು ಯಾರಿಗೂ ದಾಟಿಸಲು ಆಗುವುದಿಲ್ಲ.

ಸಹಾಯ ಹುಡುಕುವವರಿಗೆ ಒಂದು ಮಾತು. ಈ ಪೆಟ್ಟಿಗೆಯ ಕಂಟ್ರೋಲರ್ ತಂತ್ರಾಂಶದ ಮೂಲ ಎಲ್‌ಎಸ್‌ಐ ಕಂಪನಿಯ ಎಂಜೆನಿಯೊ ವಿಭಾಗ. ಅದನ್ನು 2011ರಲ್ಲಿ ನೆಟ್‌ಆ್ಯಪ್ ಕೊಂಡಿತು. ಹಾಗಾಗಿ ನೆಟ್‌ಆ್ಯಪ್‌ನ ಇ-ಸರಣಿಯ ಕಮಾಂಡುಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಅಲ್ಲಿ ವಾಲ್ಯೂಮ್ ಅಂತ ಇರುವ ಕಡೆ ಇಲ್ಲಿ ವರ್ಚುವಲ್ ಡಿಸ್ಕ್ (ಹಲವು ಡಿಸ್ಕು ಸೇರಿಸಿ ಮಾಡಿದ, ಸರ್ವರಿಗೆ ಒಂದೇ ಡಿಸ್ಕಾಗಿ ಕಾಣುವ ಜಾಗ) ಅಂತ ಹಾಕಿಕೊಂಡರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಪೆಟ್ಟಿಗೆಯ ಮ್ಯಾನೇಜ್‌ಮೆಂಟ್ ಪೋರ್ಟುಗಳ ವಿಳಾಸ ಫ್ಯಾಕ್ಟರಿಯಿಂದ ಬರುವಾಗ 192.168.128.101 ಮತ್ತು 192.168.128.102 ಇರುತ್ತದೆ. ಲ್ಯಾಪ್‌ಟಾಪನ್ನು ಅದೇ ವಿಳಾಸಗಳ ಸಾಲಿಗೆ ತಂದು ಮೊದಲು ಆರೋಗ್ಯ ಕೇಳಿದೆ. ಶೋ ಸ್ಟೋರೇಜ್‌ಅರೇ ಹೆಲ್ತ್‌ಸ್ಟೇಟಸ್ ಅಂದರೆ ಸಾಕು. ಆಪ್ಟಿಮಲ್ ಅಂತ ಬಂತು. ಬರದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಕಾಯಿಲೆ ಇರುವ ಪೆಟ್ಟಿಗೆಯ ಮೇಲೆ ಹೊಸ ಡಿಸ್ಕ್ ಕಟ್ಟಬಾರದು.

ಎಲ್ಲರೂ ಒಮ್ಮೆ ತಡವರಿಸುವ ಜಾಗ ಕೊಟೇಶನ್ ಚಿಹ್ನೆ. ಇಡೀ ಕಮಾಂಡನ್ನು ಕೊಟೇಶನ್ ಒಳಗೆ ಕೊಡಬೇಕು. ವರ್ಚುವಲ್ ಡಿಸ್ಕಿನ ಹೆಸರಿಗೆ ಮತ್ತೆ ಬೇರೆ ಕೊಟೇಶನ್, ಅದರ ಸುತ್ತ ಚೌಕ ಬ್ರ್ಯಾಕೆಟ್. ಲಿನಕ್ಸ್‌ನಲ್ಲಿ ಹೊರಗೆ ಒಂಟಿ, ಒಳಗೆ ಜೋಡಿ ಹಾಕಿದರೆ ಸರಿಯಾಗುತ್ತದೆ. ವಿಂಡೋಸ್‌ನಲ್ಲಿ ಒಳಗಿನ ಜೋಡಿಯ ಮುಂದೆ ಹಿಂಗೆರೆ, ಅಂದರೆ ಬ್ಯಾಕ್‌ಸ್ಲ್ಯಾಶ್, ಬೇಕು. ಕೊನೆಯಲ್ಲಿ ಸೆಮಿಕೋಲನ್. ಇದೆಲ್ಲ ಕಿರಿಕಿರಿ ಅನ್ನಿಸಿದರೆ ಕಮಾಂಡುಗಳನ್ನು ಕಡತದಲ್ಲಿ ಬರೆದು, ಹೈಫನ್ ಎಫ್ ಅಂತ ಹಾಕಿ ಆ ಕಡತವನ್ನೇ ಓಡಿಸಬಹುದು. ಆಗ ಹೊರಗಿನ ಕೊಟೇಶನ್ನಿನ ಗೋಜೇ ಇಲ್ಲ. ನಾನು ಹಾಗೇ ಮಾಡಿದ್ದು.

ಈಗ ಡಿಸ್ಕುಗಳ ಹಂಚಿಕೆ. 0ರಿಂದ 7ರವರೆಗಿನ ಎಂಟು ಡಿಸ್ಕು ರೇಡ್ 6, ರೆಕಾರ್ಡಿಂಗ್‌ಗಳಿಗೆ. 8 ಮತ್ತು 9 ರೇಡ್ 1 (ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ), ಪ್ರಸಂಗ, ಮೇಳ, ಭಾಗವತರ ಹೆಸರು ಎಲ್ಲ ಇರುವ ಪಟ್ಟಿಯ ಡೇಟಾಬೇಸಿಗೆ. 10 ಮತ್ತು 11 ಹಾಟ್ ಸ್ಪೇರ್. ರೆಕಾರ್ಡಿಂಗ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ಅವರು ಕಾಗದ ನೋಡಿ ಕೇಳಿದರು:

“ಎಂತ ಮಾರಾಯ, ಇಪ್ಪತ್ನಾಲ್ಕು ಟಿಬಿ ತಂದು ಆಟಕ್ಕೆ ಸಿಗುದು ಹನ್ನೆರಡೇಯಾ?”

“ಹೌದಣ್ಣ. ಎಂಟರಲ್ಲಿ ಎರಡು ಡಿಸ್ಕು ಒಟ್ಟಿಗೇ ಹೋದರೂ ನಿಮ್ಮ ಒಂದು ಆಟವೂ ಹೋಗುವುದಿಲ್ಲ.”

“ಮತ್ತೆ ಆ ಎರಡು ಸುಮ್ನೆ ಕೂತದ್ದು?”

ಸುಮ್ನೆ ಕೂತಿರುವುದಲ್ಲ. ಒಂದು ಡಿಸ್ಕು ಕೆಟ್ಟ ಕೂಡಲೇ ಸ್ಪೇರ್ ಅದರ ಜಾಗಕ್ಕೆ ಬರುತ್ತದೆ. ಮನುಷ್ಯರು ಯಾರೂ ಬೇಕಾಗಿಲ್ಲ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದರೆ ಬೆಂಗಳೂರಿನಿಂದ ಹೊಸ ಡಿಸ್ಕು ಬರುವುದು ಎಷ್ಟು ತಡ ಆಗುತ್ತದೋ ಗೊತ್ತಿಲ್ಲ. ಅಷ್ಟು ದಿನ ಒಂದು ಡಿಸ್ಕು ಕಡಿಮೆಯಿಟ್ಟುಕೊಂಡು ಓಡಿಸುವ ಧೈರ್ಯ ನನಗಿಲ್ಲ. ಹಾಗಾಗಿ ಒಂದಲ್ಲ, ಎರಡು.

ರೇಡ್ 5 ಯಾಕೆ ಬೇಡ ಅಂತಲೂ ಹೇಳಬೇಕು. ಅದರಲ್ಲಿ ಒಂದು ಡಿಸ್ಕು ಹೋದರೆ ಉಳಿದವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೊಸದನ್ನು ಕಟ್ಟಬೇಕು. ಆ ಓದಿನಲ್ಲಿ ಎಲ್ಲೋ ಒಂದು ಸೆಕ್ಟರ್ ಓದಲು ಬರದಿದ್ದರೆ ಆ ತುಂಡು ಹೋಯಿತು. ಡಿಸ್ಕು ದೊಡ್ಡದಾದಷ್ಟೂ ಈ ಅಪಾಯ ಜಾಸ್ತಿ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ಮಂಡಿಸಿದ ರೇಡ್ ಪ್ರಬಂಧದಲ್ಲಿ 1ರಿಂದ 5ರವರೆಗಿನ ಹಂತಗಳಷ್ಟೇ ಇದ್ದವು. ಆರನೆಯದು ಆಮೇಲೆ ಸೇರಿದ್ದು. ನಮ್ಮಂಥ ಸಂಗ್ರಹಕ್ಕೆ ಅದೇ ಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಇನ್ನು ಸೆಗ್ಮೆಂಟ್ ಸೈಜ್. ಒಂದು ಡಿಸ್ಕಿನಲ್ಲಿ ಎಷ್ಟು ಬರೆದ ಮೇಲೆ ಕಂಟ್ರೋಲರ್ ಮುಂದಿನ ಡಿಸ್ಕಿಗೆ ಹೋಗಬೇಕು ಅನ್ನುವ ಅಳತೆ ಇದು. ರೇಡ್ 6ರಲ್ಲಿ ಒಂದು ಚಿಕ್ಕ ಬರಹಕ್ಕೆ ಮೂರು ಓದು, ಮೂರು ಬರಹ ಆಗುತ್ತದೆ. ಹಳೆಯ ಡೇಟಾ ಮತ್ತು ಎರಡು ಪ್ಯಾರಿಟಿ (ಕಳೆದ ಡೇಟಾವನ್ನು ಮತ್ತೆ ಲೆಕ್ಕ ಹಾಕಲು ಬೇಕಾದ ಹೆಚ್ಚುವರಿ ಮಾಹಿತಿ) ಓದಬೇಕು, ಮೂರನ್ನೂ ಮತ್ತೆ ಬರೆಯಬೇಕು. ಅದೇ ಒಂದು ಇಡೀ ಸ್ಟ್ರೈಪಿನಷ್ಟು, ಅಂದರೆ ಎಲ್ಲ ಡೇಟಾ ಡಿಸ್ಕಿಗೂ ಒಂದೊಂದು ಸೆಗ್ಮೆಂಟ್ ಆಗುವಷ್ಟು, ಡೇಟಾ ಒಟ್ಟಿಗೆ ಬಂದರೆ ಓದುವ ಕೆಲಸವೇ ಇಲ್ಲ. ನಮ್ಮದು ಉದ್ದುದ್ದ ವಿಡಿಯೊ ಕಡತ. ಹಾಗಾಗಿ 256 ಕೆಬಿ ಇಟ್ಟೆ. ಡೇಟಾ ಡಿಸ್ಕು ಆರು, ಪೂರ್ತಿ ಸ್ಟ್ರೈಪ್ 1536 ಕೆಬಿ. ಪೆಟ್ಟಿಗೆಗೆ ಜೋಡಿಸಿದ ಲಿನಕ್ಸ್ ಸರ್ವರಿನಲ್ಲಿ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಮಾಡುವಾಗಲೂ ಇದೇ ಲೆಕ್ಕ ಕೊಟ್ಟೆ. ಎಸ್‌ಯು 256ಕೆ, ಎಸ್‌ಡಬ್ಲ್ಯೂ 6. ಡೇಟಾಬೇಸಿನ ರೇಡ್ 1ಕ್ಕೆ 128 ಕೆಬಿಯಲ್ಲೇ ಬಿಟ್ಟೆ.

ಸೆಗ್ಮೆಂಟ್ ಸೈಜನ್ನು ಆಮೇಲೆ ಬದಲಾಯಿಸಲು ಆಗುತ್ತದೆ. ಆದರೆ ಒಂದು ಸಲಕ್ಕೆ ದುಪ್ಪಟ್ಟು ಅಥವಾ ಅರ್ಧ ಮಾತ್ರ. ಶುರು ಮಾಡಿದರೆ ನಿಲ್ಲಿಸಲು ಬರುವುದಿಲ್ಲ. ತುಂಬಿದ ಡಿಸ್ಕಿನ ಮೇಲೆ ಅದು ಮುಗಿಯುವುದನ್ನು ಕಾಯುವುದು ಯಾರಿಗೂ ಬೇಡ. ಖಾಲಿ ಇರುವಾಗಲೇ ಯೋಚಿಸಿ ಇಟ್ಟುಬಿಡಬೇಕು.

ಇಷ್ಟೆಲ್ಲ ಡಿಸ್ಕನ್ನು ಕಟ್ಟುವುದಾಯಿತು. ನಾನು ಹೆಚ್ಚು ಹೊತ್ತು ಕೂತದ್ದು ಕ್ಯಾಶ್, ಅಂದರೆ ಕಂಟ್ರೋಲರಿನ ತಾತ್ಕಾಲಿಕ ಮೆಮೊರಿಯ ಸೆಟ್ಟಿಂಗ್‌ಗಳ ಮೇಲೆ.

ರೈಟ್ ಕ್ಯಾಶ್ ಆನ್ ಇದ್ದರೆ ಡೇಟಾ ಕಂಟ್ರೋಲರಿನ ಮೆಮೊರಿಗೆ ಬಂದ ಕೂಡಲೇ ‘ಬರೆದಾಯಿತು’ ಅನ್ನುತ್ತದೆ. ಹೋಟೆಲಿನಲ್ಲಿ ದೋಸೆ ಇನ್ನೂ ಕಾವಲಿಯ ಮೇಲಿರುವಾಗಲೇ ಮಾಣಿ ‘ಬಂತು ಬಂತು’ ಅನ್ನುವ ಹಾಗೆ. ಡಿಸ್ಕಿಗೆ ಹೋಗುವುದು ಆಮೇಲೆ. ವೇಗ ಬರುವುದು ಇದರಿಂದಲೇ. ಆ ನಡುವೆ ಕರೆಂಟು ಹೋದರೆ ಮೆಮೊರಿಯಲ್ಲಿ ಇದ್ದದ್ದನ್ನು ಉಳಿಸಬೇಕಾದದ್ದು ಕಂಟ್ರೋಲರಿನ ಬ್ಯಾಟರಿ. ಬ್ಯಾಟರಿಗೆ ದುಡ್ಡು ಹಾಕಿದ್ದು ಇದಕ್ಕೆ.

ಇದಕ್ಕೆ ಅಂಟಿಕೊಂಡು ಇನ್ನೆರಡು ಸೆಟ್ಟಿಂಗ್ ಇವೆ. ಒಂದು, ಬ್ಯಾಟರಿ ಇಲ್ಲದಿದ್ದರೂ ರೈಟ್ ಕ್ಯಾಶ್ ಮಾಡಬೇಕೇ ಅನ್ನುವುದು. ಇನ್ನೊಂದು, ಒಂದು ಕಂಟ್ರೋಲರಿನ ಕ್ಯಾಶನ್ನು ಇನ್ನೊಂದರಲ್ಲೂ ನಕಲು ಇಡಬೇಕೇ ಅನ್ನುವುದು. ವೇಗದ ಹಿಂದೆ ಬಿದ್ದವರು ಮೊದಲನೆಯದನ್ನು ಆನ್ ಮಾಡಿ, ಎರಡನೆಯದನ್ನು ಆಫ್ ಮಾಡುತ್ತಾರೆ. ನನಗೂ ಹಾಗೆ ಸಲಹೆ ಬಂತು. ಸರಿ, ವೇಗ ನಿಜವಾಗಿ ಎಷ್ಟು ಬೇಕು ಅಂತ ಲೆಕ್ಕ ಹಾಕಿದೆ. ಡಿವಿ ಟೇಪು ಓಡುವುದು ಅದರದ್ದೇ ವೇಗದಲ್ಲಿ. ಒಂದು ಗಂಟೆಗೆ ಸುಮಾರು 13 ಜಿಬಿ, ಅಂದರೆ ಸೆಕೆಂಡಿಗೆ 3.6 ಎಂಬಿ. ಟೇಪು ಓಡಿಸುವ ಮೂರು ಡೆಕ್ ಒಟ್ಟಿಗೆ ಓಡಿಸಿದರೂ 11 ಎಂಬಿ. ಒಂದು ಗಿಗಾಬಿಟ್ ಕೇಬಲ್ಲೇ ಸೆಕೆಂಡಿಗೆ ನೂರು ಎಂಬಿಗಿಂತ ಜಾಸ್ತಿ ಸಾಗಿಸುತ್ತದೆ. ನಕಲು ಇಡುವುದರಿಂದ ಆಗುವ ನಿಧಾನ ನಮಗೆ ಗೊತ್ತೂ ಆಗುವುದಿಲ್ಲ. ಹೀಗಿರುವಾಗ ಭದ್ರತೆ ಬಿಟ್ಟುಕೊಟ್ಟು ಪಡೆಯುವುದು ಏನು? ಏನೂ ಇಲ್ಲ.

ಕಡತದಲ್ಲಿ ಬರೆದ ಸಾಲು ಹೀಗಿತ್ತು. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಪದಗಳನ್ನು ಕೂಡಿಸಿ ಬರೆಯಬೇಕು:

ಸೆಟ್ ವರ್ಚುವಲ್‌ಡಿಸ್ಕ್ ["ಆಟ"] ರೈಟ್‌ಕ್ಯಾಶ್‌ಎನೇಬಲ್ಡ್=ಟ್ರೂ ಮಿರರ್‌ಕ್ಯಾಶ್‌ಎನೇಬಲ್ಡ್=ಟ್ರೂ ಕ್ಯಾಶ್‌ವಿದೌಟ್‌ಬ್ಯಾಟರಿಎನೇಬಲ್ಡ್=ಫಾಲ್ಸ್ ಕ್ಯಾಶ್‌ರೀಡ್‌ಪ್ರಿಫೆಚ್=ಟ್ರೂ;

ಕೊನೆಯದು ಮುಂದಿನ ಭಾಗವನ್ನು ಮೊದಲೇ ಓದಿ ಇಟ್ಟುಕೊಳ್ಳುವ ಸೆಟ್ಟಿಂಗ್. ವಿಡಿಯೊಗೆ ಬೇಕು. ಪಟ್ಟಿಯ ಡೇಟಾಬೇಸಿಗೆ ಅದು ಬೇಡ, ಅಲ್ಲಿ ಫಾಲ್ಸ್ ಹಾಕಿದೆ.

ಕಡತ ಓಡಿಸಿದ ಮೇಲೆ ಶೋ ವರ್ಚುವಲ್‌ಡಿಸ್ಕ್ ಅಂತ ಕೇಳಿ ಒಂದೊಂದೇ ಸಾಲನ್ನು ಓದಬೇಕು. ಇದನ್ನು ಒತ್ತಿ ಹೇಳುತ್ತೇನೆ. ಕಮಾಂಡು ಯಶಸ್ವಿ ಅಂದಮಾತ್ರಕ್ಕೆ ಆ ಕ್ಷಣದಲ್ಲಿ ಅದು ಹಾಗೇ ನಡೆಯುತ್ತಿದೆ ಅಂತಲ್ಲ. ಹೊಸ ಬ್ಯಾಟರಿ ಇನ್ನೂ ಚಾರ್ಜ್ ಆಗುತ್ತಿತ್ತು. ರೈಟ್ ಕ್ಯಾಶ್ ಬೇಕು ಅಂತ ನಾನು ಹೇಳಿದ್ದೆ, ಪೆಟ್ಟಿಗೆ ಅದನ್ನು ತಡೆಹಿಡಿದಿತ್ತು. ಬ್ಯಾಟರಿ ಇಲ್ಲದೆ ಬೇಡ ಅಂತ ಹೇಳಿದವನೂ ನಾನೇ ಅಲ್ವಾ, ಅದು ಸರಿಯಾಗಿಯೇ ನಡೆದುಕೊಂಡಿತ್ತು. ಚಾರ್ಜ್ ತುಂಬಿದ ಮೇಲೆ ತಾನಾಗಿ ಶುರುವಾಯಿತು. ಮುಂದೆ ಎಂದಾದರೂ ಬರೆಯುವುದು ಇದ್ದಕ್ಕಿದ್ದ ಹಾಗೆ ನಿಧಾನವಾದರೆ ಮೊದಲು ನೋಡಬೇಕಾದ ಜಾಗ ಬ್ಯಾಟರಿ.

ಎಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು, ಹೆಚ್ಚಿನವರು ತಿರುಗಿಯೂ ನೋಡದ ಮೀಡಿಯಾ ಸ್ಕ್ಯಾನ್. ಸಂಗ್ರಹದ ಡೇಟಾಕ್ಕೆ ಒಂದು ಗುಣ ಇದೆ. ಬರೆದು ಇಟ್ಟ ಮೇಲೆ ವರ್ಷಗಟ್ಟಲೆ ಯಾರೂ ತೆರೆಯುವುದಿಲ್ಲ. ಯಾವುದೋ ಒಂದು ಆಟದ ಮಧ್ಯದಲ್ಲಿ ಡಿಸ್ಕಿನ ಒಂದು ಸೆಕ್ಟರ್ ಕೆಟ್ಟರೆ ಯಾರಿಗೂ ತಿಳಿಯುವುದಿಲ್ಲ. ಇಂಥವು ಬೇರೆಬೇರೆ ಡಿಸ್ಕಿನಲ್ಲಿ ಸೇರುತ್ತಾ ಹೋಗುತ್ತವೆ. ಒಂದು ದಿನ ಒಂದು ಡಿಸ್ಕು ಪೂರ್ತಿ ಹೋಗುತ್ತದೆ, ಮರುಕಟ್ಟುವಾಗ ಈ ಹಳೆಯ ಹುಳುಕೆಲ್ಲ ಒಟ್ಟಿಗೆ ಮೇಲೆ ಬರುತ್ತದೆ. ಮೀಡಿಯಾ ಸ್ಕ್ಯಾನ್ ಇದ್ದರೆ ಕಂಟ್ರೋಲರ್ ತಾನೇ ಹಿಂದಿನಿಂದ ಎಲ್ಲ ಡಿಸ್ಕನ್ನೂ ನಿಧಾನಕ್ಕೆ ಓದುತ್ತಾ ಹೋಗುತ್ತದೆ. ಓದಲು ಬಾರದ ಜಾಗ ಸಿಕ್ಕರೆ ಪ್ಯಾರಿಟಿಯಿಂದ ಲೆಕ್ಕ ಮಾಡಿ ಮತ್ತೆ ಬರೆಯುತ್ತದೆ. ಜೊತೆಗೆ ಡೇಟಾ, ಪ್ಯಾರಿಟಿ ಎರಡೂ ತಾಳೆಯಾಗುತ್ತವೆಯೇ ಅಂತ ನೋಡಲೂ ಹೇಳಬಹುದು.

ಇದಕ್ಕೆ ಎರಡು ಕಡೆ ಹೇಳಬೇಕು. ವರ್ಚುವಲ್ ಡಿಸ್ಕಿನಲ್ಲಿ ಮೀಡಿಯಾಸ್ಕ್ಯಾನ್‌ಎನೇಬಲ್ಡ್ ಟ್ರೂ ಆಗಿರಬೇಕು. ಇಡೀ ಪೆಟ್ಟಿಗೆಗೆ ಮೀಡಿಯಾಸ್ಕ್ಯಾನ್‌ರೇಟ್ ಅಂತ ಬೇರೆ ಇದೆ, ಒಂದು ಸುತ್ತು ಎಷ್ಟು ದಿನದಲ್ಲಿ ಮುಗಿಯಬೇಕು ಅನ್ನುವುದು, 1ರಿಂದ 30ರವರೆಗೆ. ಒಂದನ್ನು ಹಾಕಿ ಇನ್ನೊಂದು ಬಿಟ್ಟರೆ ಪ್ರಯೋಜನ ಇಲ್ಲ. ನಾನು 15 ಇಟ್ಟೆ. ನಮ್ಮ ಪೆಟ್ಟಿಗೆಗೆ ರಾತ್ರಿ ಹೇಗೂ ಕೆಲಸ ಇರುವುದಿಲ್ಲ.

ಓನರ್ ಅನ್ನುವುದು ಯಾವ ಕಂಟ್ರೋಲರ್ ಈ ವರ್ಚುವಲ್ ಡಿಸ್ಕನ್ನು ನೋಡಿಕೊಳ್ಳಬೇಕು ಅನ್ನುವುದು. ರೆಕಾರ್ಡಿಂಗಿನ ‘ಆಟ’ಕ್ಕೆ ಕಂಟ್ರೋಲರ್ 0, ಡೇಟಾಬೇಸಿನ ‘ಪಟ್ಟಿ’ಗೆ ಕಂಟ್ರೋಲರ್ 1. ಮಾಡಿಫಿಕೇಶನ್ ಪ್ರಯಾರಿಟಿ ಅಂದರೆ ಮರುಕಟ್ಟುವ ಕೆಲಸಕ್ಕೆ ಎಷ್ಟು ಆದ್ಯತೆ ಅನ್ನುವುದು. ಅದನ್ನು ಹೈ ಇಟ್ಟೆ. ಡಿಸ್ಕು ಕೆಟ್ಟ ದಿನ ಟೇಪು ಓಡಿಸುವುದು ನಿಂತರೂ ಪರವಾಗಿಲ್ಲ, ಮರುಕಟ್ಟುವುದು ಬೇಗ ಮುಗಿಯಲಿ.

ನಿಜವಾದ ಡೇಟಾ ಹಾಕುವ ಮೊದಲು ಪರೀಕ್ಷೆ ಮಾಡಿದೆ. ಮತ್ತೆ ಎರಡನೇ ಸಲ ಓಡಿಸಬಹುದಾದ ಒಂದು ಒಳ್ಳೆಯ ಟೇಪನ್ನು ಡೆಕ್ಕಿಗೆ ಹಾಕಿ, ಅದು ಏರುತ್ತಿರುವಾಗಲೇ 3ನೇ ಸ್ಲಾಟಿನ ಡಿಸ್ಕನ್ನು ಎಳೆದೆ. ಅಣ್ಣ ಎದೆ ಹಿಡಿದುಕೊಂಡು “ಅಯ್ಯೋ, ಎಂತ ಮಾಡಿದೆ ಮಾರಾಯ!” ಅಂದರು. ಪರದೆಯ ಮೇಲೆ ಚೆಂಡೆಯ ಪೆಟ್ಟು ಒಂದೂ ತಪ್ಪಲಿಲ್ಲ. ಪೆಟ್ಟಿಗೆಯ ಮುಂದಿನ ದೀಪದ ಬಣ್ಣ ಬದಲಾಯಿತು, 10ನೇ ಸ್ಲಾಟಿನ ಸ್ಪೇರ್ ಎದ್ದು ಕೆಲಸ ಶುರು ಮಾಡಿತು. ಶೋ ವರ್ಚುವಲ್‌ಡಿಸ್ಕ್ ಜೊತೆ ಆ್ಯಕ್ಷನ್‌ಪ್ರೋಗ್ರೆಸ್ ಅಂತ ಸೇರಿಸಿದರೆ ಎಷ್ಟು ಶೇಕಡಾ ಆಯಿತು ಅಂತ ತೋರಿಸುತ್ತದೆ. ಅಣ್ಣ ನಡುನಡುವೆ ಬಂದು “ಈಗೆಷ್ಟು?” ಅಂತ ಕೇಳುತ್ತಿದ್ದರು. ಅದು ಮುಗಿದ ಮೇಲೆ 3ಕ್ಕೆ ಬೇರೆ ಡಿಸ್ಕು ಹಾಕಿದೆ. ಸ್ಪೇರ್‌ನಿಂದ ಎಲ್ಲ ಅದಕ್ಕೆ ನಕಲಾಗಿ, ಸ್ಪೇರ್ ಮತ್ತೆ ಖಾಲಿಯಾಗಿ ತನ್ನ ಜಾಗಕ್ಕೆ ಹೋಯಿತು.

ಆಮೇಲೆ ಒಂದು ಕಂಟ್ರೋಲರನ್ನೇ ಎಳೆದೆ. ಬರೆಯುವುದು ಸ್ವಲ್ಪ ಹೊತ್ತು ತಡೆದು ನಿಂತು, ಇನ್ನೊಂದು ದಾರಿಯಲ್ಲಿ ಮುಂದುವರಿಯಿತು. ಲಿನಕ್ಸ್‌ನ ಮಲ್ಟಿಪಾತ್ (ಒಂದು ದಾರಿ ಹೋದರೆ ಇನ್ನೊಂದು ದಾರಿ ಹಿಡಿಯುವ ವ್ಯವಸ್ಥೆ) ಸರಿಯಾಗಿ ಕೂತಿದ್ದರೆ ಮಾತ್ರ ಇದು ಸಾಧ್ಯ. ವಾಪಸ್ ಹಾಕಿದ ಮೇಲೂ ವರ್ಚುವಲ್ ಡಿಸ್ಕ್ ತನ್ನ ಮೂಲ ಓನರ್ ಹತ್ತಿರ ಇರಲಿಲ್ಲ. ರಿಸೆಟ್ ಸ್ಟೋರೇಜ್‌ಅರೇ ವರ್ಚುವಲ್‌ಡಿಸ್ಕ್‌ಡಿಸ್ಟ್ರಿಬ್ಯೂಶನ್ ಅನ್ನುವ ಕಮಾಂಡು ಕೊಟ್ಟು ಅದನ್ನು ಹಿಂದಕ್ಕೆ ಕಳಿಸಿದೆ.

ಈ ಪರೀಕ್ಷೆಯ ನಡುವೆ ಇನ್ನೊಂದು ವಿಷಯ ತಲೆಗೆ ಬಂತು. ಪೆಟ್ಟಿಗೆ ಎಷ್ಟು ಭದ್ರ ಇದ್ದರೂ ಡೇಟಾ ಅಲ್ಲಿಗೆ ತಲುಪಿದ ಮೇಲಿನ ಮಾತು ಅದು. ಅದಕ್ಕೂ ಮೊದಲು ಸರ್ವರಿನ ಮೆಮೊರಿಯಲ್ಲಿ ಕೂತಿರುತ್ತದೆ. ಲಿನಕ್ಸ್ ಹೊಸದಾಗಿ ಬಂದದ್ದನ್ನು ಸಾಮಾನ್ಯವಾಗಿ 30 ಸೆಕೆಂಡಿನವರೆಗೂ ಕೆಳಗೆ ಇಳಿಸದೆ ಇಟ್ಟುಕೊಳ್ಳಬಹುದು. ಡಿವಿ ಟೇಪಿನ ಲೆಕ್ಕದಲ್ಲಿ ಅದು ಅರ್ಧ ನಿಮಿಷದ ಆಟ. ಭಾಗವತರ ಒಂದು ಆಲಾಪನೆ ಅಷ್ಟರಲ್ಲಿ ಮುಗಿದಿರುತ್ತದೆ. ಪೆಟ್ಟಿಗೆಯ ಯಾವ ಸೆಟ್ಟಿಂಗೂ ಇದನ್ನು ಕಾಪಾಡುವುದಿಲ್ಲ. ಆ ಅವಧಿಯನ್ನು 5 ಸೆಕೆಂಡಿಗೆ ಇಳಿಸಿದೆ. ಸರ್ವರ್, ಡೆಕ್ಕು, ಸ್ವಿಚ್ಚು ಎಲ್ಲವನ್ನೂ ಪೆಟ್ಟಿಗೆ ಇರುವ ಯುಪಿಎಸ್‌ಗೇ ತಂದೆ. ಪೆಟ್ಟಿಗೆ ಮಾತ್ರ ಯುಪಿಎಸ್‌ನಲ್ಲಿ, ಸರ್ವರ್ ಗೋಡೆಯ ಪ್ಲಗ್ಗಿನಲ್ಲಿ ಇದ್ದರೆ ಈ ಬ್ಯಾಟರಿ, ನಕಲು ಎಲ್ಲ ಅರ್ಧ ಕೆಲಸವೇ.

ಎಲ್ಲ ಸರಿಯಾದ ಮೇಲೆ ಸೇವ್ ಸ್ಟೋರೇಜ್‌ಅರೇ ಕಾನ್ಫಿಗರೇಶನ್ ಅಂತ ಕೊಟ್ಟೆ. ಇದು ಇಡೀ ಪೆಟ್ಟಿಗೆಯ ಸೆಟ್ಟಿಂಗನ್ನು ಕಮಾಂಡುಗಳ ರೂಪದಲ್ಲೇ ಕಡತಕ್ಕೆ ಬರೆದುಕೊಡುತ್ತದೆ. ನಾನು ಕೈಯಿಂದ ಬರೆದ ಕಡತದ ಜೊತೆ ಸಾಲುಸಾಲಾಗಿ ಹೋಲಿಸಿ ನೋಡಿದೆ. ಆಮೇಲೆ ಪ್ರತಿ ಸೆಟ್ಟಿಂಗಿನ ಪಕ್ಕ ಅದು ಹಾಗಿರುವುದಕ್ಕೆ ಕಾರಣವನ್ನು ಕನ್ನಡದಲ್ಲಿ ಬರೆದು, ಮುದ್ರಿಸಿ, ಪೆಟ್ಟಿಗೆ ಇರುವ ರ‍್ಯಾಕಿನ ಬಾಗಿಲಿನ ಒಳಗಡೆ ಅಂಟಿಸಿದೆ. ಆ ಕಡತದ ಒಂದು ಪ್ರತಿ ಪೆಟ್ಟಿಗೆಯ ಹೊರಗೂ ಇದೆ. ಪೆಟ್ಟಿಗೆಯೇ ಕೆಟ್ಟ ದಿನ ಅದರೊಳಗಿನ ಕಡತದಿಂದ ಏನು ಉಪಯೋಗ?

ಈಗ ಹಳೆಯ ಬಿಡಿ ಡಿಸ್ಕುಗಳಲ್ಲಿದ್ದ ಆಟಗಳು ಒಂದೊಂದಾಗಿ ಇದರೊಳಗೆ ಬರುತ್ತಿವೆ. ಪ್ರತಿ ಕಡತದ ಚೆಕ್‌ಸಮ್ (ಕಡತದ ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಆ ಕಡೆ ಈ ಕಡೆ ಎರಡೂ ನೋಡಿ, ತಾಳೆಯಾದ ಮೇಲೆಯೇ ಪಟ್ಟಿಯಲ್ಲಿ ಗುರುತು ಹಾಕುತ್ತೇವೆ. ಲೆಕ್ಕದ ಪ್ರಕಾರ ನೂರಕ್ಕಿಂತ ಸ್ವಲ್ಪ ಜಾಸ್ತಿ ಆಟ ಹಿಡಿಯುತ್ತದೆ. ರೇಡ್ ಇದ್ದಮಾತ್ರಕ್ಕೆ ಬ್ಯಾಕಪ್ ಆಯಿತು ಅಂತಲ್ಲ. ಕಡತವನ್ನು ಯಾರಾದರೂ ಅಳಿಸಿದರೆ ಎಂಟೂ ಡಿಸ್ಕಿನಿಂದ ಒಟ್ಟಿಗೇ ಅಳಿಯುತ್ತದೆ, ಕೋಣೆಗೆ ನೀರು ನುಗ್ಗಿದರೆ ಹನ್ನೆರಡೂ ಒಟ್ಟಿಗೇ ನೆನೆಯುತ್ತವೆ. ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿ ಇಡಬೇಕು ಅಂತ ಅಣ್ಣನೂ ಒಪ್ಪಿದ್ದಾರೆ. ಅದಕ್ಕೆ ಬೇಕಾದ ಡಿಸ್ಕುಗಳಿಗೆ ಆರ್ಡರ್ ಹೋಗಿದೆ. ಬೂಷ್ಟು ಹಿಡಿದ ಟೇಪುಗಳನ್ನು ಅವು ಬಂದ ಮೇಲೆಯೇ ಡೆಕ್ಕಿಗೆ ಹಾಕುವುದು.